ನಾಳೆಯ ರೇಸಿನ ಕಾರು

ಶನಿವಾರ ಬೆಳಿಗ್ಗೆ ಎಂಟಕ್ಕೆ ಠಾಣೆಗೆ ಬಂದ ಯುವತಿ ಕುರ್ಚಿ ಕೊಟ್ಟರೂ ಕೂರಲಿಲ್ಲ.

"ನನ್ನ ರೇಸ್ ಕಾರನ್ನ ರಾತ್ರಿ ಯಾರೋ ಕತ್ತರಿಸಿ ಹಾಕಿದಾರೆ ಸಾರ್. ನಾಳೆ ರೇಸ್ ಇದೆ."

ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್‌ನೊಂದಿಗೆ ಸ್ಥಳಕ್ಕೆ ಹೊರಟರು.

ಶೆಡ್ಡು ಅವಳ ತಂದೆಯದು. ಬಸ್ ಗ್ಯಾರೇಜಿನಲ್ಲಿ ಕೆಲಸಕ್ಕೆ ಸೇರಿ, ಎಂಜಿನಿಯರಿಂಗ್ ಓದಿ, ಸ್ವಂತ ರೇಸ್ ತಂಡ ಕಟ್ಟಿ ಮೂವತ್ತು ವರ್ಷ ನಡೆಸಿದವರು. ಎಲ್ಲರ ಬಾಯಲ್ಲೂ ಅವರು 'ಮೇಷ್ಟ್ರು'. ಒಂದು ಗೋಡೆಯ ತುಂಬ ಗೆದ್ದ ಕಪ್ಪುಗಳು. ಎದುರು ಗೋಡೆಯಲ್ಲಿ ಎರಡೇ ಫೋಟೊ: ಅವರು ಕಟ್ಟಿದ ಕಾರುಗಳಲ್ಲಿ ಸತ್ತ ಚಾಲಕರವು.

ಪಂಚನಾಮೆ ಶುರುವಾಯಿತು. ಬೀಗ ಮುರಿದಿರಲಿಲ್ಲ. ಕಾರಿನ ಚೌಕಟ್ಟಾದ ಚಾಸಿಯ ಉಕ್ಕಿನ ಕೊಳವೆಗಳನ್ನು ಒಂದು ದಿನದಲ್ಲಿ ಬೆಸುಗೆ ಹಾಕಲಾಗದ ಕಡೆಗಳಲ್ಲೇ ಕೊಯ್ದಿದ್ದರು. ಕೊಯ್ದ ತುದಿಗಳು ಯಾರ ಕೈಯನ್ನೂ ತರಚದಂತೆ ಬಟ್ಟೆ ಸುತ್ತಿದ್ದರು.

"ಇಷ್ಟು ಮರ್ಯಾದಸ್ಥ ಕಿಡಿಗೇಡಿನ ನನ್ನ ಸರ್ವಿಸಲ್ಲೇ ನೋಡಿಲ್ಲ," ಎಂದ ಹೆಡ್ ಕಾನ್‌ಸ್ಟೇಬಲ್.

ಇನ್ಸ್‌ಪೆಕ್ಟರಿಗೆ ನಗು ಬರಲಿಲ್ಲ. ಮೂಲೆಯ ಸ್ಟೂಲಿನಲ್ಲಿ ಕೂತಿದ್ದ ಮೇಷ್ಟ್ರ ಹತ್ತಿರ ಹೋದರು.

"ಬೀಗದ ಕೈ ಯಾರ ಹತ್ರ ಇರುತ್ತೆ?"

"ನನ್ನ ಹತ್ರ, ಮಗಳ ಹತ್ರ."

"ಗರಗಸ?"

"ಅದರ ಜಾಗದಲ್ಲೇ ಇದೆ. ಕೆಲಸ ಆದ್ಮೇಲೆ ವಾಪಸ್ ಇಡೋದು ನಮ್ಮ ಶೆಡ್ಡಿನ ಪದ್ಧತಿ."

"ಕೈ ತೋರಿಸಿ."

ಮೇಷ್ಟ್ರು ಅಂಗೈ ಚಾಚಿದರು. ಬೊಬ್ಬೆಗಳು ಒಡೆದಿದ್ದವು.

"ಇಬ್ಬರನ್ನ ಮಣ್ಣು ಮಾಡಿ ಬಂದಿದೀನಿ ಸಾರ್. ಮೂರನೇದು ನನ್ನ ಕೈಲಿ ಆಗಲ್ಲ. ಬೇಡ ಅಂತ ಕಾಲಿಗೂ ಬಿದ್ದೆ, ಇವಳು ಕೇಳಲಿಲ್ಲ."

ಕಾರು ಹೋದ ವರ್ಷವೇ ಮಗಳ ಹೆಸರಿಗಾಗಿತ್ತು. ಹಾಗಾಗಿ ತಂದೆಯ ಮೇಲೂ ಕೇಸು ಗಟ್ಟಿಯಾಗಿ ನಿಲ್ಲುತ್ತಿತ್ತು. ಇನ್ಸ್‌ಪೆಕ್ಟರ್ ಅವಳನ್ನು ಹೊರಗೆ ಕರೆದರು.

"ನೋಡಮ್ಮ, ಹೆತ್ತ ತಂದೆ. ರಾಜಿ ಮಾಡ್ಕೋತೀಯಾ?"

"ಇಲ್ಲ ಸಾರ್." ಅವಳು ಶೆಡ್ಡಿನ ಕಡೆ ತಿರುಗಲಿಲ್ಲ. "ಇನ್ನೊಂದು ತಂಡದವರು ಕಾರು ಕೊಡ್ತೀನಿ ಅಂದಿದಾರೆ. ಹೊರಗಿದ್ರೆ ಅಪ್ಪ ಅದನ್ನೂ ಉಳಿಸಲ್ಲ. ನಾಳೆ ಸಂಜೆವರೆಗೂ ಒಳಗಿರ್ಲಿ. ಆಮೇಲೆ ನಾನೇ ಬಂದು ಬಿಡಿಸ್ಕೊಂಡು ಹೋಗ್ತೀನಿ."

ಹನ್ನೊಂದೂವರೆಗೆ ಮೇಷ್ಟ್ರನ್ನು ಬಂಧಿಸಿ ಜೀಪು ಹತ್ತಿಸಿದರು. ಭಾರ ಇಳಿಸಿಕೊಂಡವರಂತೆ ಅವರು ಸೀಟಿಗೊರಗಿ ಕಣ್ಣು ಮುಚ್ಚಿದರು. ಮಗಳು ನಾಳೆ ಇನ್ನೊಂದು ತಂಡದ ಕಾರು ಓಡಿಸುವುದನ್ನು ಹೇಳದೆ ಇರಲು ಇನ್ಸ್‌ಪೆಕ್ಟರಿಗೆ ಮನಸ್ಸು ಒಪ್ಪಲಿಲ್ಲ, ಹೇಳಿಬಿಟ್ಟರು.

ಮೇಷ್ಟ್ರು ತಟ್ಟನೆ ಎದ್ದು ಕೂತರು.

"ಬೇರೆಯವರ ಕಾರಾ?"

"ಹೌದು."

"ನನ್ನ ಕಾರಲ್ಲಿ ಒಂದೊಂದು ಬೋಲ್ಟೂ ನಾನೇ ಬಿಗಿ ಮಾಡಿದ್ದೆ..." ಅವರು ಇನ್ಸ್‌ಪೆಕ್ಟರರ ತೋಳು ಹಿಡಿದುಕೊಂಡರು. "ಅದರ ಬ್ರೇಕು ಯಾರು ನೋಡಿದಾರೆ ಸಾರ್? ಫೋನ್ ಮಾಡಿ ಕೇಳಿ. ಬರೀ ಬ್ರೇಕು ಯಾರು ನೋಡಿದಾರೆ ಅಂತ ಕೇಳಿ."

ಇನ್ಸ್‌ಪೆಕ್ಟರ್ ಫೋನ್ ಮಾಡಿದರು. ಮಗಳು ಎತ್ತಲಿಲ್ಲ.