ಮೈಕ್ ಹೋಯಿತು, ಲ್ಯಾಪ್‌ಟಾಪ್ ಉಳಿಯಿತು

ಬೀಗ ಒಡೆದಿರಲಿಲ್ಲ. ಮೇಜಿನ ಮೇಲೆ ಲ್ಯಾಪ್‌ಟಾಪ್ ಇತ್ತು. ಹೆಡ್‌ಫೋನ್ ಇತ್ತು. ಸಂಗೀತದ ಪುಟ್ಟ ಕೀಬೋರ್ಡಿನ ಮೇಲೆ ಹೊದಿಸಿದ ಬಟ್ಟೆ ಕೂಡ ಸರಿದಿರಲಿಲ್ಲ. ಮೈಕ್ ಮಾತ್ರ ಮಾಯವಾಗಿತ್ತು.

"ಬೆಳಿಗ್ಗೆ ನಳಕ್ಕ ನೀರು ಬಂದಿತ್ರಿ ಮೇಡಮ್ಮೋರ. ಎರಡು ಕೊಡ ತುಂಬಿಸ್ಕೊಂಡು ಬರೂದ್ರಾಗ ಹೋಗ್ಯಾದ," ಎಂದಳು ಮೋನಮ್ಮ.

ಹೆಡ್ ಕಾನ್‌ಸ್ಟೆಬಲ್ ಗೊಲ್ಲಾಳಮ್ಮ ಕೋಣೆಯ ತುಂಬ ಕಣ್ಣಾಡಿಸಿದಳು. ಸುರಪುರದಲ್ಲಿ ಹದಿನೆಂಟು ವರ್ಷ ಕಳ್ಳರ ಬೆನ್ನು ಹತ್ತಿದವಳು. ಇಂಥ ಕಳ್ಳತನ ನೋಡಿರಲಿಲ್ಲ.

ಮೋನಮ್ಮನಿಗೆ ಇಪ್ಪತ್ತಮೂರು. ಹಗಲು ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತಿದ್ದಳು, ಸಂಜೆ ಮನೆಯಲ್ಲಿ ಹಿಪ್‌ಹಾಪ್ ಬೀಟ್ ಕಟ್ಟುತ್ತಿದ್ದಳು. ಇನ್ನು ಎರಡೇ ದಿನಕ್ಕೆ ಬಾಬಾಸಾಹೇಬರ ಜಯಂತಿ. ವೇದಿಕೆಯಲ್ಲಿ ಅವಳ ಹಾಡು ಹಾಕುವುದೆಂದು ಓಣಿಯ ಹಿರಿಯರು ತೀರ್ಮಾನಿಸಿದ್ದರು. ಬೀಟ್ ತಯಾರಾಗಿತ್ತು. ಅದರ ಮೇಲೆ ಅವಳ ದನಿ ಕೂರಿಸುವುದು ಬಾಕಿ. ಮೈಕ್ ಇಲ್ಲದೆ ಅದು ಆಗುವಂತಿರಲಿಲ್ಲ.

ಮೈಕಿನ ವೈರ್ ಮೇಜಿನ ಮೇಲೇ ಇತ್ತು. ಅಂಗೈಯಿಂದ ಮೊಳಕೈಗೆ ಸುತ್ತಿ, ತುದಿಯನ್ನು ನಡುವಿಗೆ ಬಿಗಿದಿದ್ದರು.

"ಇದನ್ನ ನೀ ಸುತ್ತಿದ್ದೇನು?"

"ಇಲ್ರಿ. ನಾ ವೈರ್ ತೆಗೆಯೂದೇ ಇಲ್ಲ."

"ಮನಿಯಾಗ ಯಾರಿದ್ರು?"

"ಮುತ್ಯಾ ಒಬ್ಬಾವ. ಕಟ್ಟಿ ಮ್ಯಾಲ ಕುಂತಿದ್ದ."

ಮುತ್ಯಾ, ಅಂದರೆ ಮೋನಮ್ಮನ ಅಜ್ಜ ಅಂಬ್ರಪ್ಪನಿಗೆ ಎಪ್ಪತ್ತೈದು. ಬೆನ್ನು ಇನ್ನೂ ಬಾಗಿರಲಿಲ್ಲ. ಬಿಳಿ ಅಂಗಿಯ ಗುಂಡಿಗಳನ್ನು ಕುತ್ತಿಗೆತನಕ ಹಾಕಿಕೊಂಡಿದ್ದ.

"ಕಳ್ಳನ್ನ ನೋಡಿದ್ಯಾ ಮುತ್ಯಾ?"

"ಕಳ್ಳ ಯಾರೂ ಬಂದಿಲ್ಲ," ಎಂದ ಮುದುಕ. "ಬಾಕ್ಸಿನ ಖಂಡಪ್ಪ ಬಂದಿದ್ದ. ಹೊರಗಿಂದಲೇ ಕೂಗಿ ಹೋದ."

* * *

ಖಂಡಪ್ಪ ಮೆರವಣಿಗೆಗಳಿಗೆ ಸೌಂಡ್ ಬಾಕ್ಸ್ ಬಾಡಿಗೆ ಕೊಡುವವನು. ಜಯಂತಿಯಲ್ಲಿ ತನ್ನ ಹಾಡುಗಳನ್ನೇ ಹಾಕಬೇಕೆಂದು ಹೋದ ವಾರ ಮೋನಮ್ಮನ ಜೊತೆ ಜಗಳವಾಡಿದ್ದ. ಓಣಿಯವರೆಲ್ಲ ಅವನ ಕಡೆಗೇ ಬೆರಳು ತೋರಿಸಿದರು.

"ಇವತ್ತು ಅಕಿ ಮನಿಗಿ ಯಾಕ ಹೋಗಿದ್ದಿ?" ಗೊಲ್ಲಾಳಮ್ಮ ಅವನನ್ನು ಕೇಳಿದಳು.

"ಸಿಟ್ಟು ಇಳೀತ್ರಿ. ಅಕಿ ಬೀಟ್ ನನಗೊಂದು ಬೇಕು ಅಂತ ಕೇಳಾಕ ಹೋಗಿದ್ದೆ. ನನ್ನ ಹತ್ರ ಆಳೆತ್ತರದ ಬಾಕ್ಸ್ ಅವ. ಅದರಾಗ ಹಾಕಾಕ ನಮ್ಮೂರಿನ ಬೀಟ್ ಒಂದೂ ಇಲ್ಲ."

"ಅಕಿ ಮೈಕ್ ಕಳುವಾಗ್ಯಾದ."

"ಲ್ಯಾಪ್‌ಟಾಪ್?"

"ಅದು ಅದ."

ಖಂಡಪ್ಪ ನಕ್ಕುಬಿಟ್ಟ. "ಅಕಿ ಕೆಲಸ ಕೆಡಸಬೇಕಂದ್ರ ನಾ ಲ್ಯಾಪ್‌ಟಾಪ್ ಬಿಡ್ತಿದ್ನೇನ್ರಿ?"

ಮಾತು ಸರಿಯಾಗಿತ್ತು. ಗೊಲ್ಲಾಳಮ್ಮ ಬಸ್ ಹತ್ತಿದಳು.

* * *

ಶಹಾಪುರದಲ್ಲಿ ಮನ್ಸೂರಅಲಿಯ ಎಲೆಕ್ಟ್ರಾನಿಕ್ಸ್ ಅಂಗಡಿ. ಮೋನಮ್ಮ ಸಾಮಾನು ಕೊಂಡದ್ದು ಅಲ್ಲೇ. ಕದ್ದ ಮೈಕನ್ನು ಯಾರಾದರೂ ಅಲ್ಲಿಗೇ ಮಾರಲು ತಂದಿರಬಹುದು.

"ಯಾರೂ ತಂದಿಲ್ಲ ಮೇಡಮ್," ಎಂದ ಮನ್ಸೂರಅಲಿ. "ಆದ್ರ ಆ ಹುಡುಗಿ ನೆನಪದ. ಹೊಸದಾಗಿ ಬೀಟ್ ಮಾಡೋರು ಬಂದ್ರ ಮೊದಲು ದೊಡ್ಡ ಸ್ಪೀಕರ್ ಕೇಳ್ತಾರ, ದೀಪ ಮಿಂಚೋ ಮಷಿನ್ ಕೇಳ್ತಾರ. ಈಕಿ ಮೂರು ಸಲ ಬಂದು ಬರೇ ನೋಡಿ ಹೋದಳು. ನಾಕನೇ ಸಲ ಹೆಡ್‌ಫೋನ್ ತಗೊಂಡಳು. 'ಮೊದಲು ಖರೇ ಸದ್ದು ನನಗ ಕೇಳಬೇಕು, ಓಣಿಗಿ ಆಮ್ಯಾಲ' ಅಂದಳು."

"ಮತ್ತ ಕೀಬೋರ್ಡ್?"

"ಉದ್ದಂದು ತೋರಿಸಿದೆ. ಬ್ಯಾಡ ಅಂದಳು. ಎಂಟು ರಬ್ಬರ್ ಪ್ಯಾಡ್ ಇರೋ ಸಣ್ಣದು ಹಿಡಿದಳು. ಬೆರಳಿಂದ ಮೆತ್ತಗ ಬಡಿದಳು, ಜೋರಾಗಿ ಬಡಿದಳು. ಮೆತ್ತಗ ಬಡಿದ್ರ ಸದ್ದೂ ಮೆತ್ತಗ ಬರಬೇಕು, ಇಲ್ಲಂದ್ರ ಒಲ್ಲೆ ಅಂದಳು. ಇಪ್ಪತ್ತು ವರ್ಷ ಆಯ್ತು ಅಂಗಡಿ ಇಟ್ಟು, ನಾನೇ ಹಾಂಗ ಪರೀಕ್ಷೆ ಮಾಡಿಲ್ಲ. ಸಾಫ್ಟ್‌ವೇರ್ ಪುಕ್ಕಟೆದ್ದು ಹಾಕ್ಕೊಂಡಳು. ಕಡೀಗೆ ಈ ಮೈಕ್. ನೇರ ಲ್ಯಾಪ್‌ಟಾಪಿಗೆ ಚುಚ್ಚೋದು, ನಡುವ ಬ್ಯಾರೆ ಡಬ್ಬಿ ಬೇಕಿಲ್ಲ."

ಕೇಳುತ್ತ ಗೊಲ್ಲಾಳಮ್ಮನ ಎದೆ ಉಬ್ಬಿತು. ಹುಡುಗಿ ತನ್ನ ಮಗಳೇ ಏನೋ ಎಂಬಂತೆ. ಆದರೂ ಕೇಳಬೇಕಾದ್ದು ಇನ್ನೊಂದಿತ್ತು.

"ಅಕಿ ಬೀಟ್ ಮೈಕ್‌ದಾಗ ಉಳದಿರ್ತದೇನು?"

"ಬಿಲ್ಕುಲ್ ಇಲ್ಲ. ಮೈಕ್ ಬರೇ ಕಿವಿ. ನೆನಪೆಲ್ಲ ಲ್ಯಾಪ್‌ಟಾಪಿಂದು. ಅದು ಗೊತ್ತಿರೋ ಯಾವನೂ ಇದನ್ನ ಒಯ್ದು ಅದನ್ನ ಬಿಡಲ್ಲ."

* * *

ಮಧ್ಯಾಹ್ನ ಅವಳು ಮತ್ತೆ ಮೋನಮ್ಮನ ಕೋಣೆಯಲ್ಲಿದ್ದಳು.

"ಈಗೀಗ ಏನ್ ರೆಕಾರ್ಡ್ ಮಾಡಿದಿ ತಂಗಿ?"

"ಕೊಡೇಕಲ್‌ದಾಗ ಒಬ್ಬ ಹಿರ್ಯಾ ಹಲಗಿ ಬಾರಿಸಿದ್ರಿ. ಅದನ್ನೇ ಬೀಟಿಗೆ ಹಾಕೇನಿ."

"ಕೇಳಸು."

ತಮಟೆಯಂಥ ಹಲಗೆಯ ಸದ್ದು ಎದ್ದಿತು. ಎರಡು ಏಟು, ಒಂದು ತಡೆ. ಮತ್ತೆ ಎರಡು ಏಟು. ಈ ಬಡಿತವನ್ನು ಗೊಲ್ಲಾಳಮ್ಮ ಹಿಂದೆಲ್ಲೋ ಕೇಳಿದ್ದಳು.

"ಮುತ್ಯಾಗ ಕೇಳಿಸಿದ್ದೇನು?"

"ಸೋಮವಾರ ಕೇಳಿಸಿದ್ದೆ. ಅರ್ಧಕ್ಕ ಎದ್ದ. 'ಈ ಸದ್ದು ಎಲ್ಲಿ ಕುಂತದ?' ಅಂದ. ಮೈಕ್‌ದಾಗ ಕುಂತದ ಮುತ್ಯಾ ಅಂತ ನಕ್ಕೋತ ಚಾಷ್ಟಿ ಮಾಡಿದೆ."

ಗೊಲ್ಲಾಳಮ್ಮ ಹೊರಗೆ ಬಂದಳು. ಗೋಡೆಯ ಮೊಳೆಗೆ ನೀರು ಸೇದುವ ಹಗ್ಗ ತೂಗುತ್ತಿತ್ತು. ಮೊಳಕೈಗೆ ಸುತ್ತಿ, ತುದಿಯನ್ನು ನಡುವಿಗೆ ಬಿಗಿದ ಸುರುಳಿ.

"ಈ ಹಗ್ಗ ಸುತ್ತಿದ್ದು ಯಾರು ಮುತ್ಯಾ?"

"ನಾನೇ."

"ಹಂಗಾದ್ರ ಮೈಕ್ ಕೊಡು."

ಅಂಬ್ರಪ್ಪ ಎದ್ದ. ಒಳಗೆ ಹೋಗಿ ಜೋಳದ ಗಡಿಗೆಗೆ ಕೈ ಹಾಕಿ ಮೈಕ್ ತಂದ. ಬಾಗಿಲಲ್ಲಿ ನಿಂತಿದ್ದ ಮೋನಮ್ಮ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಹ್ಯಾಂಗ ಗೊತ್ತಾತು?" ಎಂದ ಮುದುಕ.

"ಬೀಗ ಒಡೆದಿಲ್ಲ, ಕಟ್ಟಿ ಮ್ಯಾಲ ನೀನಿದ್ದಿ. ರೊಕ್ಕದ ಆಸೆ ಇದ್ದಾವ, ಬೀಟ್ ಬಲ್ಲಾವ, ಇಬ್ಬರೂ ಲ್ಯಾಪ್‌ಟಾಪ್ ಒಯ್ತಿದ್ರು. ಸದ್ದು ಮೈಕ್‌ದಾಗ ಕುಂತದ ಅಂತ ನಂಬಿದಾವ ನೀ ಒಬ್ಬನೇ. ವೈರ್, ಹಗ್ಗ ಸುತ್ತಿದ ಕೈ ಒಂದೇ. ಕಳ್ಳ ಬಂದಿಲ್ಲ ಅಂದಿ, ಸುಳ್ಳೂ ಹೇಳಲಿಲ್ಲ. ಯಾಕ ಒಯ್ದಿ ಅನ್ನೂದನ್ನ ಆ ಬಡಿತ ಹೇಳ್ತು. ಸಣ್ಣಾಕಿದ್ದಾಗ ನಮ್ಮೂರಾಗ ಕೇಳೇನಿ. ಹೆಣದ ಮುಂದ ಬಾರಿಸೂದು ಅದು."

ಮೋನಮ್ಮ ಗೋಡೆಗೆ ಒರಗಿದಳು. "ನನಗ ಗೊತ್ತಿರಲಿಲ್ಲ ಮುತ್ಯಾ."

"ನನಗ ಗೊತ್ತಿತ್ತು," ಎಂದ ಅಂಬ್ರಪ್ಪ. "ಊರಾಗ ಯಾರ ಸತ್ರೂ ನಾನೇ ಬಾರಿಸಬೇಕಿತ್ತು. ಜ್ವರ ಬಂದಿದ್ರೂ ಬಿಡ್ತಿರಲಿಲ್ಲ. ಆಮ್ಯಾಲ ಕಾಲುವಿ ತೋಡೂ ಕೆಲಸ ಬಂತು. ಮಣ್ಣು ಹೊತ್ತೆ, ಕಲ್ಲು ಹೊತ್ತೆ. ಮೊದಲ ವಾರದ ಕೂಲಿ ಕೈಗೆ ಬಂದ ದಿನ ಹಲಗಿ ಕೆಳಗಿಟ್ಟೆ. ಗೌಡರ ಮನಿಯಿಂದ ಕರಿಯಾಕ ಬಂದ್ರು, ಒಲ್ಲೆ ಅಂದೆ. ಆ ಬಡಿತ ಬಾಬಾಸಾಹೇಬರ ಮುಂದ ಕೇಳಿಸ್ತದ ಅಂದ್ರ ಹ್ಯಾಂಗ ತಡಕೊಳ್ಳಲಿ?"

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ, ಮುತ್ಯಾ ಹೆಣದ ಮುಂದ ಬಾರಿಸ್ತಿದ್ದ ಅಂತ ನಿನಗ ತಿಳೀತಿತ್ತು."

"ಒಲ್ಲೆ ಅಂದಾವ ಅಂತಾನೂ ತಿಳೀತಿತ್ತಲ್ಲ!"

ಮೋನಮ್ಮ ಅವನ ಕೈ ಹಿಡಿದು ಒಳಗೆ ಕರೆದೊಯ್ದಳು. ಲ್ಯಾಪ್‌ಟಾಪಿನಲ್ಲಿ ಆ ಹಲಗೆಯ ಸದ್ದು ಎಲ್ಲಿದೆಯೆಂದು ತೋರಿಸಿದಳು. ಅವನ ಕಣ್ಣೆದುರೇ ಅಳಿಸಿದಳು. ಆಮೇಲೆ ಕೀಬೋರ್ಡಿನ ಮೇಲಿನ ಬಟ್ಟೆ ಸರಿಸಿದಳು.

"ಒಲ್ಲೆ ಅಂದು ಮನಿಗಿ ಬಂದಿಯಲ್ಲ, ಅವತ್ತಿನ ನಡಿಗಿ ಹ್ಯಾಂಗಿತ್ತು ಮುತ್ಯಾ? ಅದನ್ನ ಬಾರಿಸು. ಇದು ಚರ್ಮ ಅಲ್ಲ, ರಬ್ಬರ್. ನಿನಗ ಮನಸ್ಸಿದ್ರ ಅಷ್ಟೇ."

ಅಂಬ್ರಪ್ಪ ಅಂಗಿಯ ತೋಳು ಮಡಚಿದ.

ಗೊಲ್ಲಾಳಮ್ಮ ದೂರು ಬರೆದುಕೊಂಡಿದ್ದ ಹಾಳೆಯನ್ನು ಹರಿದಳು. "ಮೈಕ್ ಮನಿಯಾಗ ಸಿಕ್ತು ಅಂತ ಸಾಹೇಬ್ರಿಗೆ ಹೇಳ್ತೀನಿ," ಎಂದು ಬೂಟು ಮೆಟ್ಟಿದಳು. ಬೀದಿಗೆ ಇಳಿಯುವಷ್ಟರಲ್ಲಿ ಒಳಗಿಂದ ಮೊದಲ ಏಟು ಕೇಳಿತು.

* * *

ಏಪ್ರಿಲ್ ಹದಿನಾಲ್ಕರಂದು ಗೊಲ್ಲಾಳಮ್ಮನಿಗೆ ವೇದಿಕೆಯ ಪಕ್ಕದಲ್ಲೇ ಬಂದೋಬಸ್ತ್. ಖಂಡಪ್ಪ ತನ್ನ ಬಾಕ್ಸುಗಳನ್ನು ತಾನೇ ಹೊತ್ತು ತಂದು ಜೋಡಿಸಿದ್ದ. ಹಾಡು ಶುರುವಾಯಿತು. ಬೀಟ್ ದಾಪುಗಾಲು ಹಾಕಿತು, ಎಲ್ಲೂ ತಡೆಯಲಿಲ್ಲ. ಅದರ ಮೇಲೆ ಮೋನಮ್ಮನ ದನಿ. ಹುಡುಗಿಯರು ಕುಣಿದರು, ಮುದುಕಿಯರು ಚಪ್ಪಾಳೆ ತಟ್ಟಿದರು. ಬಂದೋಬಸ್ತಿನಲ್ಲಿದ್ದ ಗೊಲ್ಲಾಳಮ್ಮನ ಬೂಟು ಕೂಡ ನೆಲ ಬಡಿಯಿತು.

ಹಾಡು ಮುಗಿದಾಗ ನಿರೂಪಕ ಕೇಳಿದ: "ಈ ಬೀಟ್ ಬಾರಿಸಿದವರು ಯಾರು ತಂಗಿ?"

"ನಮ್ಮ ಮುತ್ಯಾ ಅಂಬ್ರಪ್ಪ," ಎಂದಳು ಮೋನಮ್ಮ. "ಕಾಲುವಿ ಕಡದಾವ. ಹೆಣದ ಮುಂದ ಬಾರಿಸೂದನ್ನ ಒಲ್ಲೆ ಅಂದಾವ."

ಸಾವಿರ ಮುಖ ಹಿಂದಕ್ಕೆ ತಿರುಗಿದವು. ಕೊನೆಯ ಸಾಲಿನಲ್ಲಿ ಕೂತಿದ್ದ ಅಂಬ್ರಪ್ಪ ಎದ್ದು ನಿಂತ. ಕೈ ಮುಗಿಯಲಿಲ್ಲ, ತಲೆ ತಗ್ಗಿಸಲಿಲ್ಲ. ಎಲ್ಲರೂ ಕಣ್ತುಂಬ ನೋಡಲಿ ಎಂದು ಹಾಗೇ ನಿಂತುಕೊಂಡ.