ಎರಡನೇ ಸಾಲು

ಬಾಗಿಲು ತಳ್ಳಿಕೊಂಡು ಒಳಗೆ ಬಂದವನನ್ನು ನೋಡಿ, ಅವಳ ಕೈಯಲ್ಲಿದ್ದ ಸೂಜಿ ಬೆರಳಿಗೆ ಚುಚ್ಚಿತು.

ಎರಡು ವರ್ಷ... ಅದೇ ಹೆಗಲಿನ ಚೀಲ, ಒಳಗೆ ಬರಲೋ ಬೇಡವೋ ಎಂಬಂಥ ಅದೇ ನಿಲುವು. ಕಿವಿಯ ಮೇಲೆ ಮಾತ್ರ ನಾಲ್ಕು ಬಿಳಿ ಕೂದಲು.

"ಲ್ಯಾಬಲ್ಲಿ ಸೂಜಿ ದಾರ ಯಾಕೆ?" ಅಂದ.

"ಗುಂಡಿ ಹೊಲಿಯೋದಿತ್ತು."

ಸುಳ್ಳು. ದಿನಾ ಕೆಲಸಕ್ಕೆ ಕೂರುವ ಮುನ್ನ ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ಒಂದೇ ಸಲಕ್ಕೆ ಹೋದರೆ ಆ ದಿನ ಅವಳದು. ಕೈ ನಡುಗಿದರೆ... ಅಮ್ಮ ಬಂದಳು ಎಂದೇ ಅರ್ಥ.

ಅಮ್ಮನ ಕಾಯಿಲೆ ಶುರುವಾದದ್ದು ಬೆರಳುಗಳಿಂದ. ಮೊದಲು ಅವು ತಾವಾಗಿಯೇ ಮೇಜಿನ ಅಂಚನ್ನು ತಟ್ಟುತ್ತಿದ್ದವು. ಆಮೇಲೆ ಕೈಯಿಂದ ಲೋಟ ಜಾರಿತು, ಬಾಯಿಂದ ಮಾತು ಜಾರಿತು, ಕೊನೆಗೆ ಮಕ್ಕಳ ಗುರುತೂ ಜಾರಿತು. ಅಮ್ಮ ಹೋದ ಮೇಲೂ ಆ ತಟ್ಟುವ ಸದ್ದು ಮಾತ್ರ ಮನೆ ಬಿಟ್ಟು ಹೋಗಿರಲಿಲ್ಲ. ಒಬ್ಬಳೇ ಇದ್ದಾಗ ಅದು ಪಕ್ಕದ ಕೋಣೆಯಿಂದ ಕೇಳುತ್ತಿತ್ತು. ಎದ್ದು ಹೋಗಿ ನೋಡಿದರೆ ಬರೀ ಮೇಜು. ಲ್ಯಾಬಿಗೆ ಬಂದರೂ ಅದು ಕಿವಿಯೊಳಗೆ ಉಳಿದಿರುತ್ತಿತ್ತು.

"ಬಂದ್ಯೇನಪ್ಪಾ ಸೇತುವೆ?" ಲ್ಯಾಬಿನ ಮುಖ್ಯಸ್ಥೆ ಕನ್ನಡಕ ಮೇಲೇರಿಸಿಕೊಂಡು ಬಂದರು. "ನೀನು ಕಟ್ಟಿದ್ದನ್ನ ನೀನೇ ನೋಡು. ಶುಕ್ರವಾರ ಹಳೇ ಪ್ರೋಗ್ರಾಂ ಮುಚ್ತೀವಿ. ಅಷ್ಟರೊಳಗೆ ಎಲ್ಲಾ ಈ ಕಡೆ ದಾಟಬೇಕು."

ರಕ್ತದ ಮಾದರಿಯಿಂದ ವಂಶವಾಹಿ ಓದಿ ಇಡುವ ಹಳೇ ಪ್ರೋಗ್ರಾಂ ಒಂದು, ಅದನ್ನು ವಿಶ್ಲೇಷಿಸುವ ಹೊಸದು ಇನ್ನೊಂದು. ಎರಡಕ್ಕೂ ಎಣ್ಣೆ ಸೀಗೇಕಾಯಿ. ನಡುವೆ ಮಾತುಕತೆ ನಡೆಸಲು ಅವನೊಂದು ಪ್ಲಗಿನ್ ಬರೆದಿದ್ದ. ಅದರಿಂದಲೇ ಆ ಅಡ್ಡಹೆಸರು. ಪ್ಲಗಿನ್‌ನ ಗುಂಡಿ ಒತ್ತಿ ದತ್ತಾಂಶ ದಾಟಿಸುವ ಕೆಲಸ ಅವಳದು.

ಎರಡು ವರ್ಷದ ಹಿಂದೆ, ತಾಯಿಯಿಂದ ಮಕ್ಕಳಿಗೆ ಇಳಿಯಬಲ್ಲ ಆ ಕಾಯಿಲೆಯ ಅಧ್ಯಯನಕ್ಕೆ ಅವಳದೇ ಕುಟುಂಬದ ಹನ್ನೆರಡು ಮಾದರಿಗಳು ಬಂದಿದ್ದವು. ಹೆಸರಿಲ್ಲ, ರಕ್ತ ಕೊಟ್ಟ ಸರದಿಯ ನಂಬರು ಅಷ್ಟೇ. ಆಗಿನ್ನೂ ಬದುಕಿದ್ದ ಅಮ್ಮ ಒಂದು, ಅವಳು ಎರಡು. ಹೆದರಿ ಹೆದರಿ ತಡವಾಗಿ ಬಂದ ಅಕ್ಕ ಹತ್ತು. ನೋಡುವ ಹಾಗಿರಲಿಲ್ಲ. ಹೊಸದಕ್ಕೆ ದಾಟಿಸಿದ ಮೇಲೆ ನೋಡಿಬಿಟ್ಟಳು.

ಒಂದನೇ ಸಾಲು: ಕಾಯಿಲೆಯ ಗುರುತು ಇದೆ. ಎರಡನೇ ಸಾಲು: ಇದೆ. ಹತ್ತನೇ ಸಾಲು: ಇಲ್ಲ.

ಅಕ್ಕನಿಗೆ ಫೋನ್ ಮಾಡಿ "ನೀನು ಬಚಾವಾದೆ ಕಣೇ" ಅಂದಳು. ತನ್ನದು ಇನ್ನೂ ಬಂದಿಲ್ಲ ಅಂದಳು. ಅದೇ ವಾರ ಮೆಟ್ಟಿಲ ಮೇಲೆ ಅವನು ತಡವರಿಸುತ್ತಾ ಮದುವೆಯ ಮಾತೆತ್ತಿದಾಗ, "ನಿಮ್ಮ ಮೇಲೆ ನನಗೆ ಅಂಥದ್ದೇನೂ ಇಲ್ಲ" ಅಂದಳು.

ತಿಂಗಳೊಳಗೆ ಅವನು ಕೆಲಸ ಬಿಟ್ಟಿದ್ದ.

ಈಗ ಅವನು ಪಕ್ಕದ ಕುರ್ಚಿಯಲ್ಲಿ ಕೂತು ಕೇಳಿದ, "ತೊಂದರೆ ಏನು?"

"ಹಳೇದರಲ್ಲಿ ಇರೋದಕ್ಕೂ ಇಲ್ಲಿಗೆ ದಾಟಿ ಬಂದಿರೋದಕ್ಕೂ ತಾಳೆ ಆಗ್ತಿಲ್ಲ. ಚಿಕ್ಕ ಕುಟುಂಬಗಳು ಸರಿಯಾಗಿವೆ. ಹತ್ತು ಜನ ಇದ್ದರೆ, ಹತ್ತು ದಾಟಿದರೆ ಮಾತ್ರ ಹೀಗೆ."

ಅವನು ಕಾಗದ ಎಳೆದುಕೊಂಡು ಬರೆದ. ೧, ೧೦, ೧೧, ೧೨, ೨, ೩...

"ಹಳೇದು ನಂಬರನ್ನ ನಿಘಂಟಿನ ಪದಗಳ ಥರ ಜೋಡಿಸಿ ಕಳಿಸುತ್ತೆ. ಒಂದರಿಂದ ಶುರುವಾಗೋದೆಲ್ಲ ಮೊದಲು, ಎರಡು ಆಮೇಲೆ. ನಾನು ನಂಬರು ನೋಡಿ ಸೇರಿಸಬೇಕಿತ್ತು. ಸಾಲಿಗೆ ಸಾಲು ಸೇರಿಸಿಬಿಟ್ಟೆ. ಆರು ಜನರ ಕುಟುಂಬ ಇಟ್ಟುಕೊಂಡು ಪರೀಕ್ಷೆ ಮಾಡಿದ್ದೆ... ಸರಿಯಾಗೇ ಬಂದಿತ್ತು." ಅವನ ಪೆನ್ನು ಕಾಗದದ ಮೇಲೆ ನಿಂತಿತು. "ಎರಡನೇ ಸಾಲಲ್ಲಿ ಬಂದು ಕೂತಿರೋದು ಹತ್ತನೆಯವರದ್ದು."

"ಒಂದನೇದು?"

"ಅದು ಯಾವಾಗಲೂ ಸರಿ. ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ."

ಹೌದು... ಅಮ್ಮನ ಸಾಲು ನಿಜವಾಗಿತ್ತು. ಅಮ್ಮನನ್ನು ನಂಬಿ ಅವಳು ಉಳಿದದ್ದನ್ನೂ ನಂಬಿದ್ದಳು.

ಹಳೆಯ ಪ್ರೋಗ್ರಾಂ ತೆರೆದು, ಹನ್ನೆರಡು ಜನರ ಗುಂಪೊಂದನ್ನು ತೋರಿಸಿದಳು. "ಇದನ್ನ ನೀವೇ ಓದಿ ಹೇಳಿ."

"ಯಾರದು?"

"ಎರಡು, ನಾನು."

ಅವನು ತುಂಬಾ ಹೊತ್ತು ನೋಡಿದ. "ಎರಡರಲ್ಲಿ ಇಲ್ಲ. ನಿಮಗೆ ಇಲ್ಲ. ಹತ್ತರಲ್ಲಿ ಇದೆ. ಹತ್ತು ಯಾರು?"

ಅವಳ ಕಿವಿಯೊಳಗೆ ಮೇಜು ತಟ್ಟುವ ಸದ್ದು ಫಕ್ಕನೆ ನಿಂತಿತು. ಅಮ್ಮ ಹೋದ ಮೇಲೆ ಮೊದಲ ಸಲ. ಆದರೆ ಅಮ್ಮನ ಕಾಯಿಲೆಯ ಆ ನೆರಳು ಎಲ್ಲಿಗೆ ಎದ್ದು ಹೋಯಿತೆಂದು ಅವಳಿಗೆ ಗೊತ್ತಿತ್ತು. ಅಕ್ಕನ ಮನೆಗೆ.

"ಅಕ್ಕ. ಬಚಾವಾದೆ ಅಂತ ನಾನೇ ಹೇಳಿದ್ದೆ. ಆ ಮಾತು ನಂಬಿ ಮಗು ಹೆತ್ತಳು."

ಅವನು ಪೆನ್ನು ಕೆಳಗಿಟ್ಟು ಕೇಳಿದ, "ಅವತ್ತು ಮೆಟ್ಟಿಲ ಮೇಲೆ..."

"ಇದನ್ನ ನೋಡಿ ಎರಡು ದಿನ ಆಗಿತ್ತು."

"ಅಂದರೆ ನನ್ನ ತಲೆ ಮೇಲೆ ನಾನೇ ಚಪ್ಪಡಿ ಎಳೆದುಕೊಂಡೆ. ಒಂದು ಮಾತು ಹೇಳಬಹುದಿತ್ತಲ್ಲ?"

"ಹೇಳಿದ್ದರೆ ನೀವು ನನ್ನ ಬಿಟ್ಟು ಹೋಗ್ತಿರಲಿಲ್ಲ. ಅದಕ್ಕೇ ಹೇಳಲಿಲ್ಲ."

ಮುಖ್ಯಸ್ಥೆ ಎಲ್ಲವನ್ನೂ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ದೊಡ್ಡ ಕುಟುಂಬಗಳ ಫಲಿತಾಂಶ ಒಂದೂ ಹೊರಗೆ ಹೋಗಬಾರದು. ನೋಡಬಾರದ್ದನ್ನ ನೋಡಿದ್ದೀಯ, ಅದರ ವಿಚಾರಣೆ ನಾಳೆ. ಇವತ್ತು ನಿನ್ನ ಅಕ್ಕನ ಹತ್ತಿರ ಹೋಗು. ನೀವಿಬ್ಬರೂ ಹೊಸ ರಕ್ತ ಕೊಟ್ಟು ಆಸ್ಪತ್ರೆಯಲ್ಲೇ ಪರೀಕ್ಷೆ ಮಾಡಿಸಿ."

"ನಾನೂ ಬರ್ತೀನಿ" ಅಂದ ಅವನು. "ತಪ್ಪು ನನ್ನದು."

ಅಕ್ಕ ಬಾಗಿಲು ತೆಗೆದಾಗ ಮಗು ಸೊಂಟದ ಮೇಲಿತ್ತು. "ಇದೇನೇ ಹಗಲು ಹೊತ್ತಲ್ಲಿ? ಕೆಲಸದಿಂದ ಓಡಿಸಿದ್ರಾ?" ಹಿಂದೆ ನಿಂತವನನ್ನು ನೋಡಿ ಹುಬ್ಬೇರಿಸಿದಳು. "ಓ... ಬೇಡ ಅಂದ ಆಸಾಮಿನ ಯಾಕೆ ಕರ್ಕೊಂಡು ಬಂದೆ? ಅವತ್ತು ಫೋನಲ್ಲಿ ಅತ್ತಿದ್ದು ಸಾಲಲಿಲ್ವಾ?"

ಅವಳು ನಗಲಿಲ್ಲ. ಅಡುಗೆಮನೆಯ ಮೇಜಿನ ಮುಂದೆ ಕೂತು, ಸಾಲುಗಳ ಕಥೆಯನ್ನೆಲ್ಲ ಹೇಳಿ ಮುಗಿಸಿದಳು. ಅವನು ನಡುವೆ ಒಮ್ಮೆ ಮಾತ್ರ ಬಾಯಿ ತೆರೆದ. "ನನ್ನ ತಪ್ಪಮ್ಮಾ. ಕ್ಷಮಿಸಿ ಅಂತ ಕೇಳೋ ಮುಖವೂ ಇಲ್ಲ."

ಅಕ್ಕ ಮಗುವಿನ ಬಾಯಿ ಒರೆಸಿದಳು.

"ಗೊತ್ತಿತ್ತು ಕಣೇ" ಅಂದಳು. "ಮೂರು ತಿಂಗಳಿಂದ ಲೋಟಾನ ಎರಡು ಕೈಯಲ್ಲಿ ಹಿಡೀತಿದ್ದೀನಿ. ನೀನೇ ಇಲ್ಲ ಅಂದಿದ್ದೆಯಲ್ಲ... ಸುಸ್ತು ಅಂದುಕೊಂಡೆ. ಅಂದುಕೊಳ್ಳೋಕೆ ನೋಡಿದೆ."

"ಅಕ್ಕಾ, ನನ್ನ ಬೈದುಬಿಡು."

"ಬೈತೀನಿ. ಬಿಡ್ತೀನಾ? ಆದರೆ ನೀನು ಅವತ್ತು ಹಾಗೆ ಹೇಳದೇ ಇದ್ದಿದ್ದರೆ ಇವಳು ಹುಟ್ತಾನೇ ಇರಲಿಲ್ಲ. ಅದನ್ನ ಯಾವ ಲೆಕ್ಕಕ್ಕೆ ಹಾಕಲಿ, ಹೇಳು."

ಅಕ್ಕನ ಬಲಗೈ ಬೆರಳುಗಳು ಮೇಜಿನ ಅಂಚನ್ನು ತಟ್ಟುತ್ತಿದ್ದವು. ಅಮ್ಮನದೇ ತಾಳ. ಅವಳು ಆ ಬೆರಳುಗಳ ಮೇಲೆ ತನ್ನ ಕೈಯಿಟ್ಟಳು. ತಟ್ಟುವುದು ನಿಲ್ಲಲಿಲ್ಲ, ಅಂಗೈಯೊಳಗೆ ಮೆತ್ತಗಾಯಿತು ಅಷ್ಟೇ. ಕೈ ತೆಗೆಯದೆ ಅವನ ಕಡೆ ತಿರುಗಿದಳು.

"ಮೆಟ್ಟಿಲ ಮೇಲೆ ಕೇಳಿದ್ದನ್ನ... ಇನ್ನೊಂದು ಸಲ ಕೇಳ್ತೀರಾ?"

"ಇಲ್ಲೇನಾ? ಈಗ?"

"ಕೇಳಪ್ಪಾ" ಅಂದಳು ಅಕ್ಕ. "ನನಗೆ ನೆನಪಿರುವಾಗಲೇ ಕೇಳು."

ಅವನು ಅವಳ ಕಡೆ ಬಾಗಿದ. "ನನ್ನ ಜೊತೆ ಇರ್ತೀಯಾ?"

ಮೊದಲ ಸಲ ಅವನು ಅವಳನ್ನು ಏಕವಚನದಲ್ಲಿ ಕರೆದಿದ್ದ.

"ಇರ್ತೀನಿ. ಆದರೆ ನಾನಿನ್ನು ದಿನಾ ಈ ಮನೆಗೆ ಬರಬೇಕಾಗತ್ತೆ. ಎಷ್ಟು ವರ್ಷವೋ ಗೊತ್ತಿಲ್ಲ."

"ದಾರಿ ನೋಡಿಕೊಂಡೇ ಬಂದಿದ್ದೀನಿ" ಅಂದ ಅವನು, ಅಕ್ಕನ ಸೊಂಟದಿಂದ ಮಗುವನ್ನು ಎತ್ತಿಕೊಳ್ಳುತ್ತಾ.