ಹೆರಿಗೆ ವಾರ್ಡಿನ ತೂಕ

ಕೇಳಿದರೆ ಹೇಳಬೇಕು. ಕೇಳದಿದ್ದರೆ? ತಾನಾಗಿ ಬಾಯಿ ಬಿಡಬೇಕೆಂಬ ನಿಯಮವೇನೂ ಇಲ್ಲವಲ್ಲ— ಲೆಕ್ಕ ವಿಭಾಗದ ಸಂಜು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ. ಅಷ್ಟರಲ್ಲಿ ಹೊರಗಿನಿಂದ ಕರೆಸಿದ್ದ ಕಾಸ್ಟ್ ಅಕೌಂಟೆಂಟ್ ಪಂಚಾಕ್ಷರಯ್ಯ ಅವನೆದುರಿನ ಹಾಳೆಯ ಮೇಲೆ ಬೆರಳಿಟ್ಟರು.

“ಇದು ನಷ್ಟ ಅಲ್ಲ ಕಣಯ್ಯ. ಯಾರೋ ಮಾಡಿರೋ ಕೆಲಸ.”

2004ರ ಜೂನ್. ಇಂದಿರಾನಗರದ ಆ ಖಾಸಗಿ ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಬರುವ ಸೋಮವಾರ ಬೀಗ. ನರ್ಸುಗಳು ಬೇರೆ ಮಹಡಿಗಳಿಗೆ. ಮುಖ್ಯ ಸಿಸ್ಟರ್ ಮಜೀದಾ ಮನೆಗೆ. ಕಾರಣ— ಲಾಂಡ್ರಿ. ಅದರ ಒಟ್ಟು ಖರ್ಚನ್ನು ಬಟ್ಟೆಯ ತೂಕ ನೋಡಿ ವಾರ್ಡುಗಳಿಗೆ ಹಂಚುತ್ತಿದ್ದರು. ಏಪ್ರಿಲ್‌ನಿಂದ ಹೆರಿಗೆ ವಾರ್ಡಿನ ತೂಕ ದುಪ್ಪಟ್ಟಾಗಿತ್ತು. ಮೊದಲೇ ಅಲ್ಪ ಲಾಭದ ವಾರ್ಡು. ಮುಳುಗಲು ಅಷ್ಟೇ ಸಾಕಾಯಿತು.

ಇಬ್ಬರೂ ವಾರ್ಡಿಗೆ ಹೋದರು.

“ಹೊರಗಿನ ಬಟ್ಟೆ ತಂದು ಇಲ್ಲಿ ಒಗೆಸ್ತೀರಂತೆ?” ಪಂಚಾಕ್ಷರಯ್ಯ ಕೇಳಿದರು.

“ಯಾರ್ ಸಾರ್ ಹೇಳಿದ್ದು?” ಮಜೀದಾ ಸಿಡಿದರು. “ಇಪ್ಪತ್ತು ಬೆಡ್ಡು, ದಿನಕ್ಕೆ ನಲವತ್ತು ಶೀಟು. ನಮ್ಮನೆ ಪರದೆ ಹೊತ್ಕೊಂಡು ಶಿವಾಜಿನಗರದಿಂದ ಬಸ್ ಹತ್ತಲಾ ನಾನು?”

ಸಂಜು ಕೇಳಿಸಿಕೊಳ್ಳುತ್ತಿರಲಿಲ್ಲ. ಬಾಗಿಲ ಬಳಿ ಆ ವಾರ್ಡಿನ ನರ್ಸ್ ವೈಷ್ಣವಿ, ಅದೇ ಮಹಡಿಯ ಮಕ್ಕಳ ವೈದ್ಯ ಖುರ್ಷೀದ್ ಹೇಳಿದ ಯಾವುದಕ್ಕೋ ನಗುತ್ತಿದ್ದಳು. ತನ್ನ ಜೊತೆ ಅವಳು ಹಾಗೆ ನಕ್ಕಿದ್ದೇ ಇಲ್ಲ.

ನೆಲಮಾಳಿಗೆಯ ಲಾಂಡ್ರಿ ಗೋವಿಂದಮ್ಮನ ಸುಪರ್ದಿಯಲ್ಲಿತ್ತು. ಹದಿನೈದು ವರ್ಷ ಹೆರಿಗೆ ವಾರ್ಡಿನಲ್ಲಿದ್ದವರು. ಮಾರ್ಚ್‌ನಲ್ಲಿ ಮಜೀದಾಗೆ ಬಡ್ತಿ ಸಿಕ್ಕಿತು. ಇವರನ್ನು ಇಲ್ಲಿಗೆ ಕಳಿಸಿದರು.

“ಬಟ್ಟೆ ಯಾವಾಗ ತೂಗ್ತೀರಾ?”

“ಬಂದ ತಕ್ಷಣ. ಒಗೆಯೋಕೆ ಮುಂಚೆ.”

“ಹೆರಿಗೆ ವಾರ್ಡಿಂದು?”

“ಅದೂ… ಹಾಗೇ.”

ಪಂಚಾಕ್ಷರಯ್ಯ ಗೂಟಕ್ಕೆ ನೇತುಹಾಕಿದ್ದ ಎಣಿಕೆ ಪುಸ್ತಕ ತೆಗೆದು ತಿರುವಿದರು. ಮುಗುಳ್ನಕ್ಕರು.

“ಸಂಜು, ನೀನು ಕಿಲೋ ಮಾತ್ರ ನೋಡ್ದೆ. ಶೀಟು ಎಣಿಸ್ಲಿಲ್ಲ. ಮಾರ್ಚ್‌ನಲ್ಲೂ ನಲವತ್ತು, ಈಗಲೂ ನಲವತ್ತು! ಎಲ್ಲಾ ವಾರ್ಡಿಗೂ ಒಂದೇ ಬಟ್ಟೆ. ಬೇರೆ ಕಡೆ ಶೀಟು ಅರ್ಧ ಕಿಲೋ ಇದ್ರೆ, ಇಲ್ಲಿ ಒಂದು ಕಿಲೋ ಹೇಗೆ? ಮಿಕ್ಕಿದ್ದೇನು?— ನೀರು. ಆ ಒಂದು ವಾರ್ಡಿನ ಬಟ್ಟೆ ಮಾತ್ರ ಒಗೆದ ಮೇಲೆ, ಒದ್ದೆ ಇರುವಾಗಲೇ ತಕ್ಕಡಿಗೆ ಹೋಗಿದೆ. ಹಾಕಿದೋರು ನೀವೇ, ಗೋವಿಂದಮ್ಮ.”



“ಆ ಮಜೀದಾಗೆ ಮಗು ಹಿಡಿಯೋದು ಕಲಿಸಿದ್ದೇ ನಾನು,” ಎಂದರು ಗೋವಿಂದಮ್ಮ. “ಅವಳು ಮೇಲೆ. ನಾನು ಇಲ್ಲಿ, ಈ ಸೋಡಾ ವಾಸ್ನೇಲಿ.”

ವಾರ್ಡು ಉಳಿಯಿತು. ಮೆಟ್ಟಿಲು ಹತ್ತುತ್ತಾ ಪಂಚಾಕ್ಷರಯ್ಯ ಕೇಳಿದರು—

“ಮೂರು ತಿಂಗಳು ನಿನ್ ಕಣ್ಣಿಗೆ ಬೀಳ್ಲೇ ಇಲ್ವೇನಯ್ಯ ಇದು?”

“ಇಲ್ಲ ಸಾರ್.”

ಮೇ ತಿಂಗಳಲ್ಲೇ ಆ ಎಣಿಕೆ ಪುಸ್ತಕವನ್ನು ನೋಡಿದ್ದೆನೆಂದು ಸಂಜು ಹೇಳಲಿಲ್ಲ. ವಾರ್ಡು ಮುಚ್ಚಿದರೆ ವೈಷ್ಣವಿ ಖುರ್ಷೀದ್ ಇರುವ ಮಹಡಿಯಿಂದ ದೂರವಾಗುತ್ತಾಳೆಂದು ಕಾದಿದ್ದನ್ನೂ ಹೇಳಲಿಲ್ಲ.